ಹೊಸ ಲ್ಯಾಪ್‌ಟಾಪ್‌ನ ಕೀಬೋರ್ಡ್ ಕೆಟ್ಟರೆ: ಯಂತ್ರ ಬದಲಿ, ಮನೆಗೆ ಬರುವ ತಂತ್ರಜ್ಞ, ಸರ್ವಿಸ್ ಸೆಂಟರ್ – ಯಾವುದು ವಾಸಿ?

ಡಬ್ಬ ಬಿಚ್ಚಿದ ವಾರದೊಳಗೇ ಕೀಬೋರ್ಡ್ ತಕರಾರು ಶುರು ಮಾಡಿದರೆ ಕೊಂಡವರ ಮುಂದೆ ಮೂರು ದಾರಿಗಳಿವೆ. ಮಾರಿದವರಿಂದ ಇಡೀ ಲ್ಯಾಪ್‌ಟಾಪನ್ನೇ ಬದಲಿಸಿಕೊಳ್ಳಬಹುದು. ಕಂಪನಿಯ ತಂತ್ರಜ್ಞರನ್ನು ಮನೆಗೇ ಕರೆಸಿ ಕೀಬೋರ್ಡ್ ಹಾಕಿಸಬಹುದು. ಇಲ್ಲವೇ ಸರ್ವಿಸ್ ಸೆಂಟರ್‌ಗೆ ಒಪ್ಪಿಸಿ ಬರಬಹುದು. ಸಾಮಾನ್ಯವಾಗಿ ಯಾವುದಕ್ಕೂ ಕೈಯಿಂದ ದುಡ್ಡು ಹಾಕಬೇಕಾಗಿಲ್ಲ ಎಂಬ ಕಾರಣಕ್ಕೆ ಮೂರೂ ಒಂದೇ ಎಂದು ಬಹಳ ಜನ ತಿಳಿಯುತ್ತಾರೆ. ಒಂದೇ ಅಲ್ಲ. ಮರಳಿಸುವ ಅವಧಿ ಮುಗಿದಿಲ್ಲವಾದರೆ ಮೊದಲನೆಯದನ್ನೇ ಪಟ್ಟು ಹಿಡಿದು ಕೇಳಬೇಕು ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಕೀಬೋರ್ಡನ್ನು ಕೂರಿಸಿರುವ ರೀತಿಯೇ ಇದಕ್ಕೆ ಕಾರಣ.

ಕೀ ಕೆಳಗೆ ಏನಿದೆ

ಪ್ರತಿ ಕೀಕ್ಯಾಪ್‌ನ ಅಡಿಯಲ್ಲಿ ಕತ್ತರಿಯಂತೆ ಅಡ್ಡಡ್ಡ ಹೆಣೆದ ಎರಡು ಪ್ಲಾಸ್ಟಿಕ್ ಚೌಕಟ್ಟುಗಳು (ಇದಕ್ಕೆ ಸಿಸರ್ ಎನ್ನುತ್ತಾರೆ), ಅವುಗಳ ನಡುವೆ ರಬ್ಬರಿನ ಪುಟ್ಟ ಡೋಮ್. ಅದರಡಿ ಮೂರು ಪದರಗಳ ತೆಳುವಾದ ಪ್ಲಾಸ್ಟಿಕ್ ಹಾಳೆ. ಮೇಲಿನ ಮತ್ತು ಕೆಳಗಿನ ಪದರಗಳ ಮೇಲೆ ಬೆಳ್ಳಿ ಬೆರೆಸಿದ ಶಾಯಿಯಲ್ಲಿ ವಿದ್ಯುತ್ ಹರಿಯುವ ಗೆರೆಗಳನ್ನು ಅಚ್ಚು ಹಾಕಿರುತ್ತಾರೆ. ನಡುವಿನ ಪದರದಲ್ಲಿ ಪ್ರತಿ ಕೀಗೂ ಒಂದು ತೂತು. ಕೀ ಒತ್ತಿದಾಗ ಡೋಮ್ ಕುಸಿದು, ಮೇಲಿನ ಪದರ ಆ ತೂತಿನ ಮೂಲಕ ಕೆಳಗಿನದನ್ನು ಮುಟ್ಟುತ್ತದೆ. ಇಷ್ಟೆಲ್ಲ ನಡೆಯುವುದು ಸುಮಾರು 1ರಿಂದ 1.5 ಮಿಲಿಮೀಟರ್ ಆಳದಲ್ಲಿ. ಡೋಮ್ ಒಂದಿಷ್ಟು ಓರೆಯಾಗಿ ಕೂತಿದ್ದರೂ, ತಯಾರಿಕೆಯ ವೇಳೆ ಒಂದು ಕಣ ಒಳಗೆ ಸೇರಿದ್ದರೂ ಕೀ ಕೈಕೊಡುತ್ತದೆ.

ಒಂದೊಂದು ಕೀಗೆ ಒಂದೊಂದು ತಂತಿ ಇರುವುದಿಲ್ಲ. ಗೆರೆಗಳು ಅಡ್ಡಸಾಲು, ನೀಟಸಾಲುಗಳ ಬಲೆಯಾಗಿ ಹರಡಿರುತ್ತವೆ. 8 ಅಡ್ಡಸಾಲು, 16 ನೀಟಸಾಲು ಇದ್ದರೆ 24 ಗೆರೆಗಳಲ್ಲೇ 128 ಕೂಡುಜಾಗಗಳು ಸಿಗುತ್ತವೆ. ಮದರ್‌ಬೋರ್ಡ್ ಮೇಲಿನ ನಿಯಂತ್ರಕ ಚಿಪ್ ಒಂದೊಂದೇ ಸಾಲನ್ನು ಎಡೆಬಿಡದೆ ತಪಾಸಣೆ ಮಾಡುತ್ತಿರುತ್ತದೆ. ಈ ಬಲೆಯ ಅರಿವಿದ್ದರೆ ದೋಷದ ಮೂಲವನ್ನು ಹೊರಗಿನಿಂದಲೇ ಬಹುಮಟ್ಟಿಗೆ ಹೇಳಬಹುದು. ಒಂದೇ ಕೀ ಸತ್ತಿದ್ದರೆ ತೊಂದರೆ ಆ ಕೀಯ ಡೋಮ್ ಅಥವಾ ಸಂಪರ್ಕಬಿಂದುವಿನಲ್ಲಿದೆ. ಕೀಬೋರ್ಡ್ ಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುವ ಐದಾರು ಕೀಗಳು ಒಟ್ಟಿಗೇ ಸತ್ತಿದ್ದರೆ ಬಲೆಯ ಒಂದು ಗೆರೆ ಕಡಿದಿದೆ, ಇಲ್ಲವೇ ಕೀಬೋರ್ಡಿನಿಂದ ಮದರ್‌ಬೋರ್ಡಿಗೆ ಹೋಗುವ ಚಪ್ಪಟೆ ರಿಬ್ಬನ್ ಕೇಬಲ್ ತನ್ನ ಕನೆಕ್ಟರ್‌ನಲ್ಲಿ ಸರಿಯಾಗಿ ಕೂತಿಲ್ಲ. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟಾಗ ಸರಿಯಿದ್ದು, ಒಂದು ಮೂಲೆ ಹಿಡಿದೆತ್ತಿದಾಗ ಅಕ್ಷರ ತಪ್ಪಿದರೆ ಅನುಮಾನ ಇನ್ನೂ ಹೆಚ್ಚಾಗಿ ಕೇಬಲ್ ಕಡೆಗೇ. ಒಮ್ಮೆ ಒತ್ತಿದರೆ ಎರಡು ಸಲ ಮೂಡುವುದು ಸಂಪರ್ಕಬಿಂದು ಅದುರುತ್ತಿರುವುದರ ಗುರುತು. ಕಂಟ್ರೋಲ್ ಅಥವಾ ವಿಂಡೋಸ್ ಕೀ ಒಳಗೇ ಒತ್ತಿಕೊಂಡಿದ್ದರೆ ಅಕ್ಷರಗಳ ಬದಲು ಮೆನುಗಳು ತೆರೆದುಕೊಳ್ಳತೊಡಗುತ್ತವೆ. ಕೀಗಳೆಲ್ಲ ಸರಿಯಿದ್ದು ಹಿಂಬೆಳಕು ಮಾತ್ರ ಇಲ್ಲದಿದ್ದರೆ ಅದರ ಕೇಬಲ್ ಸಾಮಾನ್ಯವಾಗಿ ಬೇರೆಯೇ ಇರುತ್ತದೆ, ಅಗಲದಲ್ಲಿ ಚಿಕ್ಕದು.

ಮೊದಲು ಸಾಫ್ಟ್‌ವೇರನ್ನು ಅನುಮಾನಿಸಿ

ದೂರು ಕೊಡುವ ಮುನ್ನ ಕೆಲವು ಸಂಗತಿಗಳನ್ನು ಬದಿಗೆ ಸರಿಸಬೇಕು. ಇಲ್ಲದಿದ್ದರೆ ಸಹಾಯವಾಣಿಯವರು ಇವನ್ನೇ ಒಂದೊಂದಾಗಿ ಮಾಡಿಸುತ್ತಾ ಹೋಗುತ್ತಾರೆ, ಮರಳಿಸುವ ಅವಧಿ ಅಷ್ಟರಲ್ಲಿ ಕರಗುತ್ತದೆ.

ಅಕ್ಷರಗಳು ತಡವಾಗಿ ಬರುತ್ತಿದ್ದರೆ, ಹಗುರವಾಗಿ ಒತ್ತಿದರೆ ಬರದೇ ಇದ್ದರೆ ವಿಂಡೋಸ್‌ನ ಫಿಲ್ಟರ್ ಕೀಸ್ ಚಾಲೂ ಆಗಿರಬಹುದು. ಬಲಗಡೆಯ ಶಿಫ್ಟ್ ಕೀಯನ್ನು 8 ಸೆಕೆಂಡು ಹಿಡಿದರೆ ಅದು ತಾನೇ ಚಾಲೂ ಆಗುವ ವ್ಯವಸ್ಥೆಯಿದೆ. ಯೋಚಿಸುತ್ತಾ ಶಿಫ್ಟ್ ಮೇಲೆ ಬೆರಳಿಟ್ಟು ಕೂತವರಿಗೆ ಹೀಗಾಗುತ್ತದೆ. ಶಿಫ್ಟನ್ನು 5 ಸಲ ಬಡಿದರೆ, ಒತ್ತಿ ಬಿಟ್ಟ ಶಿಫ್ಟ್ ಒತ್ತಿದಂತೆಯೇ ಉಳಿಯುವ ಸ್ಟಿಕಿ ಕೀಸ್. ಎರಡನ್ನೂ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದ ಕೀಬೋರ್ಡ್ ಪುಟದಲ್ಲಿ ಆರಿಸಿ. ಉದ್ಧರಣ ಚಿಹ್ನೆ ಒತ್ತಿದರೆ ಇಮೇಲ್ ವಿಳಾಸದ ಚಿಹ್ನೆ ಬರುತ್ತಿದ್ದರೆ ಅಮೆರಿಕದ ಕೀಬೋರ್ಡ್‌ಗೆ ಬ್ರಿಟನ್ನಿನ ವಿನ್ಯಾಸ ಆಯ್ಕೆಯಾಗಿದೆ ಎಂದರ್ಥ. ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ಬದಲಿಸಬಹುದು. ಎಫ್ ಸಾಲು ಬೇರೇನೋ ಮಾಡುತ್ತಿದ್ದರೆ ಹಲವು ಮಾದರಿಗಳಲ್ಲಿ ಎಫ್‌ಎನ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿದರೆ ಸರಿಹೋಗುತ್ತದೆ.

ಕನ್ನಡದಲ್ಲಿ ಟೈಪ್ ಮಾಡುವವರು ಪರೀಕ್ಷೆಗೆ ಮುನ್ನ ಇಂಗ್ಲಿಷ್ ವಿನ್ಯಾಸಕ್ಕೆ ಬರುವುದು ಕಡ್ಡಾಯ. ನುಡಿ ವಿನ್ಯಾಸದಲ್ಲಿ ಎಫ್, ಇನ್‌ಸ್ಕ್ರಿಪ್ಟ್‌ನಲ್ಲಿ ಡಿ ಒತ್ತಕ್ಷರ ಮಾಡುವ ಕೀ. ಅದು ಹತ್ತರಲ್ಲಿ ಒಮ್ಮೆ ತಪ್ಪಿದರೂ ಒತ್ತುಗಳೆಲ್ಲ ಬಿಡಿ ಅಕ್ಷರಗಳಾಗುತ್ತವೆ, ದೋಷ ಫಾಂಟಿನದೋ ತಂತ್ರಾಂಶದ್ದೋ ಎಂದು ಹುಡುಕಾಡಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಕೀಯನ್ನು ಒಮ್ಮೆ ಒತ್ತಿದರೆ ಒಂದೇ ಅಕ್ಷರ, ತಪ್ಪಿದ್ದು ತಕ್ಷಣ ಕಾಣುತ್ತದೆ.

ಇಡೀ ಕೀಬೋರ್ಡೇ ಸತ್ತಿದ್ದರೆ ನಿಯಂತ್ರಕ ಚಿಪ್ ಸ್ಥಗಿತಗೊಂಡಿರುವ ಸಾಧ್ಯತೆಯಿದೆ. ಲ್ಯಾಪ್‌ಟಾಪ್ ಆರಿಸಿ, ಚಾರ್ಜರ್ ಮತ್ತು ಯುಎಸ್‌ಬಿ ಸಾಧನಗಳನ್ನೆಲ್ಲ ಕಿತ್ತು, ಪವರ್ ಬಟನ್ನನ್ನು 30 ಸೆಕೆಂಡು ಒತ್ತಿ ಹಿಡಿದು ಬಿಡಿ. ಚಾರ್ಜರ್ ಮತ್ತೆ ಹಾಕಿ ಚಾಲೂ ಮಾಡಿ. ವಿಂಡೋಸ್‌ನಲ್ಲಿ ಶಟ್ ಡೌನ್ ಮಾಡಿದರೆ ಫಾಸ್ಟ್ ಸ್ಟಾರ್ಟಪ್‌ನಿಂದಾಗಿ ವ್ಯವಸ್ಥೆಯ ಒಂದು ಭಾಗ ಹಾಗೆಯೇ ಉಳಿದುಕೊಳ್ಳುತ್ತದೆ, ಪೂರ್ತಿ ಹೊಸದಾಗಿ ಶುರುವಾಗಬೇಕೆಂದರೆ ರೀಸ್ಟಾರ್ಟೇ ಆಗಬೇಕು. ಲಿನಕ್ಸ್ ಹಾಕಿಕೊಂಡವರಿಗೆ ಇನ್ನೊಂದು ಮಾತು. 2022ರಲ್ಲಿ ಬಂದ, ಎಎಮ್‌ಡಿಯ ರೈಜನ್ 6000 ಸರಣಿಯ ಪ್ರೊಸೆಸರ್ ಇರುವ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಲಿನಕ್ಸ್‌ನ ತಿರುಳಾದ ಕರ್ನೆಲ್, ಕೀ ಒತ್ತಿದ್ದನ್ನು ಪ್ರೊಸೆಸರ್‌ಗೆ ತಿಳಿಸುವ ಸಂಕೇತವನ್ನು (ಇಂಟರಪ್ಟ್) ತಪ್ಪಾಗಿ ಹೊಂದಿಸುತ್ತಿದ್ದ ಕಾರಣ ಒಳ ಕೀಬೋರ್ಡ್ ಕೆಲಸವನ್ನೇ ಮಾಡುತ್ತಿರಲಿಲ್ಲ. ಆಮೇಲೆ ಕರ್ನೆಲ್‌ಗೆ ಒಂದೊಂದೇ ಮಾದರಿಗೆ ತಿದ್ದುಪಡಿ ಸೇರಿಸಬೇಕಾಯಿತು. ಬೂಟ್ ಮೆನುವಿನಲ್ಲಿ ಕೀಗಳು ಓಡಾಡಿ, ಲಿನಕ್ಸ್ ಏರಿದ ಮೇಲೆ ಸತ್ತರೆ ಬಿಡಿಭಾಗದ ತಪ್ಪಲ್ಲ.

ದೋಷವನ್ನು ಸಾಬೀತು ಮಾಡುವ ಪರೀಕ್ಷೆ

ವಿಂಡೋಸ್‌ನೊಳಗೆ ಮಾಡಿದ ಪರೀಕ್ಷೆಯನ್ನು "ಡ್ರೈವರ್ ಸಮಸ್ಯೆ ಇರಬಹುದು" ಎಂಬ ಒಂದೇ ಮಾತಿನಲ್ಲಿ ತಳ್ಳಿಹಾಕಬಹುದು. ಹಾಗಾಗಿ ಅದರ ಹೊರಗೆ ಪರೀಕ್ಷಿಸಬೇಕು. ಪೆನ್‌ಡ್ರೈವ್ ಕೂಡ ಬೇಡದ ದಾರಿಯೊಂದಿದೆ: ಸೆಟ್ಟಿಂಗ್ಸ್‌ನ ರಿಕವರಿ ಪುಟದಿಂದ ಅಡ್ವಾನ್ಸ್ಡ್ ಸ್ಟಾರ್ಟಪ್, ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಕಮಾಂಡ್ ಪ್ರಾಂಪ್ಟ್. ನೀವು ಹಾಕಿಕೊಂಡ ಯಾವ ಆ್ಯಪ್ ಕೂಡ ಅಲ್ಲಿ ಓಡುವುದಿಲ್ಲ. ದೋಷ ಅಲ್ಲೂ ಕಂಡರೆ ಬಹುತೇಕ ಯಂತ್ರದ್ದೇ. ಕಂಪನಿಯ ಸ್ವಂತ ತಪಾಸಣಾ ತಂತ್ರಾಂಶವೂ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಇರುತ್ತದೆ. ಡೆಲ್‌ನಲ್ಲಿ ಚಾಲೂ ಆಗುವಾಗ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಬಡಿದು ಆಮೇಲೆ ಎಫ್2. ಅದು ಕೊಡುವ ದೋಷಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ವಾದಕ್ಕೆ ಅದಕ್ಕಿಂತ ಗಟ್ಟಿ ಪುರಾವೆ ಇಲ್ಲ.

ಒಂದೇ ಕೀಯನ್ನು ಐವತ್ತು ಸಲ ಬಡಿದು ಎಣಿಸುವ ಪದ್ಧತಿಯನ್ನು ನಾವು ಶಿಫಾರಸು ಮಾಡುವುದಿಲ್ಲ, ಎಣಿಕೆ ತಪ್ಪುತ್ತದೆ. ಅನುಮಾನವಿರುವ ಕೀಯನ್ನು ಚೆನ್ನಾಗಿರುವ ಇನ್ನೊಂದು ಕೀ ಜೊತೆ ಸರದಿಯಂತೆ ಒತ್ತುತ್ತಾ ಹೋಗಿ. ಎಫ್, ಜೆ, ಎಫ್, ಜೆ ಎಂದು ಎರಡು ಸಾಲು ತುಂಬಿಸಿದರೆ ಎಲ್ಲಿ ಎರಡು ಜೆ ಅಕ್ಕಪಕ್ಕ ಬಂದಿವೆಯೋ ಅಲ್ಲಿ ಎಫ್ ತಪ್ಪಿದೆ, ಎಲ್ಲಿ ಎರಡು ಎಫ್ ಬಂದಿವೆಯೋ ಅಲ್ಲಿ ಅದು ಜೋಡಿ ಹೊಡೆದಿದೆ. ಒಮ್ಮೆ ಹಗುರವಾಗಿ, ಒಮ್ಮೆ ಮಾಮೂಲು ಒತ್ತಡದಲ್ಲಿ ಮಾಡಿ. ಕೀಯ ನಡುವೆ ಮಾತ್ರವಲ್ಲ, ನಾಲ್ಕು ಮೂಲೆಗಳಲ್ಲೂ ಒತ್ತಿ. ಸ್ಪೇಸ್ ಬಾರ್‌ನ ಎರಡು ತುದಿ, ಎಂಟರ್ ಕೀಯ ಅಂಚು ಮರೆಯಬಾರದು. ಲ್ಯಾಪ್‌ಟಾಪ್ ತಣ್ಣಗಿದ್ದಾಗ ಒಮ್ಮೆ, ಅರ್ಧ ಗಂಟೆ ಭಾರಿ ಕೆಲಸ ಕೊಟ್ಟು ಬಿಸಿಯಾದ ಮೇಲೆ ಮತ್ತೊಮ್ಮೆ ಮಾಡಿದರೆ, ಬಿಸಿಗೆ ಮಾತ್ರ ತಲೆಯೆತ್ತುವ ದೋಷವೂ ಸಿಕ್ಕಿಬೀಳುತ್ತದೆ.

ಜೋಡಿ ಅಕ್ಷರದ ವಿಷಯದಲ್ಲಿ "ನೀವೇ ಎರಡು ಸಲ ಒತ್ತಿರಬಹುದು" ಎಂಬ ಉತ್ತರ ಬರುತ್ತದೆ. ಲಿನಕ್ಸ್‌ನ ಎವ್‌ಟೆಸ್ಟ್ ಎಂಬ ಪುಟ್ಟ ತಂತ್ರಾಂಶ ಇದಕ್ಕೆ ಮದ್ದು. ಲಿನಕ್ಸನ್ನು ಡಿಸ್ಕ್‌ಗೆ ಹಾಕದೆಯೇ ಓಡಿಸುವ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಅದನ್ನು ಓಡಿಸಿದರೆ ಪ್ರತಿ ಒತ್ತು, ಪ್ರತಿ ಬಿಡುಗಡೆಯ ಸಮಯವನ್ನೂ ಅದು ಮುದ್ರಿಸುತ್ತದೆ. ಒಂದೇ ಕೀ 20–30 ಮಿಲಿಸೆಕೆಂಡುಗಳ ಅಂತರದಲ್ಲಿ ಎರಡು ಸಲ ದಾಖಲಾಗಿದ್ದರೆ ಅದು ಬೆರಳಿನ ಕೆಲಸವಲ್ಲ. ಒಂದೇ ಬೆರಳು ಅಷ್ಟು ಬೇಗ ಎತ್ತಿ ಒತ್ತಲಾರದು.

ಹೊರಗಿನ ಯುಎಸ್‌ಬಿ ಕೀಬೋರ್ಡ್ ಹಾಕಿ ನೋಡುವುದು ಒಳ್ಳೆಯದೇ, ಆದರೆ ಫಲಿತಾಂಶ ಓದುವಾಗ ಎಚ್ಚರ ಬೇಕು. ಒಳ ಕೀಬೋರ್ಡಿನ ಕಂಟ್ರೋಲ್ ಕೀ ಒತ್ತಿಕೊಂಡೇ ಇದ್ದರೆ ಹೊರಗಿನದೂ ಹುಚ್ಚುಚ್ಚಾಗಿ ವರ್ತಿಸುತ್ತದೆ, ಏಕೆಂದರೆ ವಿಂಡೋಸ್‌ಗೆ ಎರಡೂ ಸೇರಿ ಒಂದೇ ಕೀಬೋರ್ಡ್. "ಹೊರಗಿನದರಲ್ಲೂ ಹಾಗೇ ಆಗುತ್ತಿದೆ, ಹಾಗಾದರೆ ಸಾಫ್ಟ್‌ವೇರೇ" ಎಂಬ ತೀರ್ಮಾನ ಇಂಥ ಕಡೆ ದಾರಿ ತಪ್ಪಿಸುತ್ತದೆ.

ಪರೀಕ್ಷೆಯ ವಿಡಿಯೋವನ್ನು ಒಂದೇ ಓಟದಲ್ಲಿ, ಕತ್ತರಿಸದೆ ತೆಗೆಯಿರಿ: ತಳದ ಸೀರಿಯಲ್ ನಂಬರ್, ಆಮೇಲೆ ಪರದೆಯ ಮೇಲಿನ ದಿನಾಂಕ, ಆಮೇಲೆ ಬೆರಳು ಮತ್ತು ಪರದೆ ಎರಡೂ ಒಟ್ಟಿಗೆ ಕಾಣುವಂತೆ ದೋಷ. ಒಂದೂವರೆ ನಿಮಿಷ ಸಾಕು. ಆಗೊಮ್ಮೆ ಈಗೊಮ್ಮೆ ಬರುವ ದೋಷ ಸರ್ವಿಸ್ ಮೇಜಿನ ಮೇಲೆ ಬರದೇ ಹೋಗುವುದು ತೀರಾ ಸಾಮಾನ್ಯ, ಆಗ "ದೋಷ ಕಂಡುಬಂದಿಲ್ಲ" ಎಂದು ಬರೆದು ವಾಪಸು ಕಳಿಸುತ್ತಾರೆ.

ಒಂದನ್ನಂತೂ ಮಾಡಲೇಬೇಡಿ. ಹೊಸ ಯಂತ್ರದ ಕೀಕ್ಯಾಪ್ ಕೀಳಬೇಡಿ, ಒಳಗೆ ಯಾವ ದ್ರವವನ್ನೂ ಸಿಂಪಡಿಸಬೇಡಿ. ಸಿಸರ್‌ನ ಕೊಕ್ಕೆಗಳು ಕೂದಲೆಳೆಯಷ್ಟು ತೆಳು. ಸ್ಪೇಸ್, ಎಂಟರ್, ಶಿಫ್ಟ್‌ಗಳ ಕೆಳಗೆ ಬೇರೆ ತಂತಿಯ ಆಧಾರವೂ ಇರುತ್ತದೆ. ಕೊಕ್ಕೆ ಮುರಿದರೆ ದೋಷ "ಭೌತಿಕ ಹಾನಿ" ಎಂದಾಗಿ ವಾರಂಟಿ ಕೈತಪ್ಪುತ್ತದೆ. ಹಲವು ಯಂತ್ರಗಳಲ್ಲಿ ಒದ್ದೆ ತಾಗಿದರೆ ಬಿಳಿಯಿಂದ ಕೆಂಪಿಗೆ ತಿರುಗುವ ಚೀಟಿ ಒಳಗೆ ಅಂಟಿಸಿರುತ್ತಾರೆ, ತಂತ್ರಜ್ಞರು ಮೊದಲು ನೋಡುವುದು ಅದನ್ನೇ. ಹೆಚ್ಚೆಂದರೆ ಯಂತ್ರ ಆರಿಸಿ, ಓರೆಯಾಗಿ ಹಿಡಿದು, ಗಾಳಿ ಡಬ್ಬಿಯಿಂದ ಚಿಕ್ಕ ಚಿಕ್ಕ ಬೀಸು ಕೊಡಬಹುದು; ಡಬ್ಬಿಯನ್ನು ತಲೆಕೆಳಗು ಮಾಡಿದರೆ ಅದರಿಂದಲೂ ದ್ರವವೇ ಬರುತ್ತದೆ.

ಮೂರು ದಾರಿಗಳ ವಿಮರ್ಶೆ

ತೆಳುವಾದ ಲ್ಯಾಪ್‌ಟಾಪ್‌ಗಳಲ್ಲಿ ಕೀಬೋರ್ಡನ್ನು ಪಾಮ್‌ರೆಸ್ಟ್‌ನ (ಅಂಗೈ ಊರುವ ಮೇಲ್ಕವಚದ) ಒಳಮೈಗೆ ಹತ್ತಾರು ಪ್ಲಾಸ್ಟಿಕ್ ರಿವೆಟ್‌ಗಳನ್ನು ಬಿಸಿ ಮಾಡಿ ಅದುಮಿ ಹಿಡಿಸಿರುತ್ತಾರೆ. ಅದನ್ನು ತಲುಪಬೇಕಾದರೆ ತಳದ ಮುಚ್ಚಳ, ಬ್ಯಾಟರಿ, ಫ್ಯಾನ್, ಮದರ್‌ಬೋರ್ಡ್, ಸ್ಪೀಕರ್, ಹಿಂಜ್ ಎಲ್ಲವೂ ಹೊರಬರಬೇಕು. ಆಮೇಲೆ ಎರಡು ಬಗೆ. ಕೀಬೋರ್ಡ್ ಸಮೇತವಾದ ಹೊಸ ಪಾಮ್‌ರೆಸ್ಟ್ ತರಿಸಿ, ಉಳಿದುದನ್ನೆಲ್ಲ ಅದಕ್ಕೆ ವರ್ಗಾಯಿಸುವುದು ಒಂದು. ರಿವೆಟ್‌ಗಳನ್ನು ಕೆತ್ತಿ ತೆಗೆದು, ಹೊಸ ಕೀಬೋರ್ಡನ್ನು ಅಂಟಿನಿಂದಲೋ ಮತ್ತೆ ಕರಗಿಸಿದ ಪ್ಲಾಸ್ಟಿಕ್ಕಿನಿಂದಲೋ ಕೂರಿಸುವುದು ಇನ್ನೊಂದು. ಎರಡನೆಯದನ್ನು ಒಪ್ಪಲೇಬೇಡಿ. ಕಾರ್ಖಾನೆಯ ಬಿಗಿ ಮತ್ತೆ ಬರುವುದಿಲ್ಲ, ಟೈಪ್ ಮಾಡುವಾಗ ನಡುಭಾಗ ತಗ್ಗುತ್ತದೆ. ಮೊದಲನೆಯದು ಸರಿಯಾದ ರಿಪೇರಿಯೇ, ಆದರೆ ಒಂದು ಕೀಗಾಗಿ ಇಡೀ ಲ್ಯಾಪ್‌ಟಾಪ್ ಬಿಚ್ಚಿ ಕಟ್ಟಿದಂತಾಗುತ್ತದೆ. ಬಂದು ವಾರವಾಗಿರದ ಯಂತ್ರಕ್ಕೆ ಅದು ಬೇಕಾಗಿಲ್ಲ. ಯಂತ್ರ ಬದಲಿಯನ್ನು ನಾವು ಮೊದಲ ಸ್ಥಾನದಲ್ಲಿಡುವುದು ಇದಕ್ಕೇ.

ಬದಲಿಯಲ್ಲಿ ತೊಡಕೂ ಇದೆ. ಅವಧಿ ಚಿಕ್ಕದು, ಮಾರಾಟಗಾರರು ಹಲವು ಸಲ ಕಂಪನಿಯಿಂದ ದೋಷಪತ್ರ ತನ್ನಿ ಎನ್ನುತ್ತಾರೆ. ಆ ಪತ್ರಕ್ಕಾಗಿ ಕರೆದ ತಂತ್ರಜ್ಞರು ಬಂದ ದಿನವೇ ಬಿಚ್ಚಲು ಕೂತರೆ ತಡೆಯಿರಿ: ತಪಾಸಣೆ ಮಾತ್ರ ಸಾಕು, ರಿಪೇರಿ ಬೇಡ ಎಂದು ದೂರು ದಾಖಲಿಸುವಾಗಲೇ ಬರೆಸಿ. ಒಮ್ಮೆ ರಿಪೇರಿಗೆ ಒಪ್ಪಿದರೆ ಬದಲಿಯ ಬಾಗಿಲು ಸಾಮಾನ್ಯವಾಗಿ ಮುಚ್ಚಿಹೋಗುತ್ತದೆ. ಡಬ್ಬ, ಥರ್ಮೊಕೋಲ್, ಚಾರ್ಜರ್, ಬಿಲ್ಲು ಎಲ್ಲವೂ ಜೊತೆಗಿರಲಿ. ಹೊಸದು ಬಂದಾಗ ಅದರ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬದಲಾಗಿದೆಯೇ, ಕಂಪನಿಯ ಜಾಲತಾಣದಲ್ಲಿ ವಾರಂಟಿ ದಿನಾಂಕ ಸರಿ ತೋರಿಸುತ್ತದೆಯೇ ನೋಡಿ.

ಬದಲಿ ಬೇಡ, ಹಣವೇ ವಾಪಸು ಬರಲಿ ಎನ್ನಬೇಕಾದ ಸಂದರ್ಭವೂ ಉಂಟು. ದೋಷ ನಿಮ್ಮ ಕೈಗೆ ಬಂದ ಒಂದು ಯಂತ್ರದ್ದೋ, ಆ ಮಾದರಿಯ ವಿನ್ಯಾಸದ್ದೋ ಎಂಬುದು ಮುಖ್ಯ. ಆಪಲ್ 2015ರಲ್ಲಿ ತಂದ ಬಟರ್‌ಫ್ಲೈ ಕೀಬೋರ್ಡ್ ಇದಕ್ಕೆ ಎದ್ದು ಕಾಣುವ ಉದಾಹರಣೆ. ಕೀ ಇಳಿಯುವ ಆಳವನ್ನು ಅರ್ಧ ಮಿಲಿಮೀಟರ್ ಆಸುಪಾಸಿಗೆ ಇಳಿಸಿದ್ದರಿಂದ ಸಣ್ಣ ಕಣ ಸಿಕ್ಕಿದರೂ ಕೀ ಸಾಯುತ್ತಿತ್ತು ಇಲ್ಲವೇ ಜೋಡಿ ಹೊಡೆಯುತ್ತಿತ್ತು. 2018ರ ಜೂನ್‌ನಲ್ಲಿ ಕಂಪನಿ ಮೊದಲ ಮಾರಾಟದಿಂದ ನಾಲ್ಕು ವರ್ಷಗಳವರೆಗಿನ ಉಚಿತ ರಿಪೇರಿ ಯೋಜನೆ ಘೋಷಿಸಿತು, ಅದೇ ವರ್ಷದ ಮಾದರಿಯಲ್ಲಿ ಕೀಗಳ ಕೆಳಗೆ ಸಿಲಿಕೋನ್ ಪೊರೆ ಹಾಕಿತು. ಕಡೆಗೆ 2019ರ 16 ಇಂಚಿನ ಮ್ಯಾಕ್‌ಬುಕ್ ಪ್ರೋದಲ್ಲಿ 1 ಮಿಲಿಮೀಟರ್ ಆಳದ ಸಿಸರ್ ವಿನ್ಯಾಸಕ್ಕೇ ಮರಳಿತು. 2022ರಲ್ಲಿ ಅಮೆರಿಕದ ಗ್ರಾಹಕರ ಮೊಕದ್ದಮೆಯನ್ನು 5 ಕೋಟಿ ಡಾಲರ್‌ಗೆ ಇತ್ಯರ್ಥ ಮಾಡಿಕೊಂಡಿತು. ಕೆಟ್ಟದ್ದರ ಜಾಗಕ್ಕೆ ಅದೇ ಬಗೆಯ ಕೀಬೋರ್ಡನ್ನೇ ಹಾಕಿದರೆ ತೊಂದರೆಯೂ ಮತ್ತೆ ಬರಬಹುದಿತ್ತು. ನೀವು ಕೊಂಡ ಮಾದರಿಯಲ್ಲಿ ಬೇರೆಯವರಿಗೂ ಅದೇ ಲಕ್ಷಣ ಕಾಣಿಸುತ್ತಿದ್ದರೆ ಹಣ ಅಥವಾ ಬೇರೆ ಮಾದರಿ ಕೇಳಿ.

ಮನೆಗೆ ಬರುವ ತಂತ್ರಜ್ಞರಿಗೆ ನಮ್ಮ ಎರಡನೆಯ ಸ್ಥಾನ. ಕೆಲಸ ಕಣ್ಣೆದುರೇ ನಡೆಯುತ್ತದೆ, ಯಂತ್ರ ಕೈಬಿಡುವುದಿಲ್ಲ. ದೋಷ ಬರೀ ರಿಬ್ಬನ್ ಕೇಬಲ್‌ನದಾದರೆ ತಳ ಬಿಚ್ಚಿ, ಬ್ಯಾಟರಿ ಸಂಪರ್ಕ ತಪ್ಪಿಸಿ, ಕನೆಕ್ಟರ್‌ನ ಚಿಲಕ ಎತ್ತಿ, ಕೇಬಲನ್ನು ನೇರವಾಗಿ ಕೂರಿಸಿ ಚಿಲಕ ಹಾಕಿದರೆ ಮುಗಿಯಿತು; ಅನುಭವವಿದ್ದವರಿಗೆ ಕಾಲು ಗಂಟೆಯ ಕೆಲಸ. ಸ್ಕ್ರೂಗಳಲ್ಲಿ ಕೂತ ಕೀಬೋರ್ಡ್ ಆದರೂ ಇದೇ ದಾರಿ ಸಲೀಸು. ಹಲವು ಥಿಂಕ್‌ಪ್ಯಾಡ್‌ಗಳಲ್ಲಿ ಕೀಬೋರ್ಡ್ ಪ್ರತ್ಯೇಕ ಬಿಡಿಭಾಗ. ಫ್ರೇಮ್‌ವರ್ಕ್ ಲ್ಯಾಪ್‌ಟಾಪ್ 13ರಲ್ಲಿ ತಳದ 5 ಸ್ಕ್ರೂ ಸಡಿಲಿಸಿದರೆ ಕೀಬೋರ್ಡಿರುವ ಮೇಲ್ಭಾಗ ಎದ್ದುಬರುತ್ತದೆ. ನಿಮ್ಮದು ಯಾವ ಬಗೆ ಎಂದು ತಿಳಿಯಲು ಕಂಪನಿಯ ಸರ್ವಿಸ್ ಮ್ಯಾನ್ಯುಯಲ್ ತೆರೆದು ನೋಡಿ: ಕೀಬೋರ್ಡ್ ಮತ್ತು ಪಾಮ್‌ರೆಸ್ಟ್ ಬೇರೆ ಬೇರೆ ಅಧ್ಯಾಯಗಳಾಗಿದ್ದರೆ ಬೇರೆ ಬೇರೆಯಾಗಿಯೇ ಬಿಚ್ಚಿಕೊಳ್ಳುತ್ತವೆ.

ಸರ್ವಿಸ್ ಸೆಂಟರ್ ಕೊನೆಯ ಆಯ್ಕೆ. ಬಿಡಿಭಾಗ ಬರುವವರೆಗೆ ಯಂತ್ರ ಅಲ್ಲೇ ಕೂರುತ್ತದೆ, ಯಾರು ಹೇಗೆ ಬಿಚ್ಚಿದರೆಂದು ತಿಳಿಯುವುದಿಲ್ಲ. ಬಿಡಿಭಾಗ ಬಂದಿದೆಯೇ ಎಂದು ಮೊದಲೇ ವಿಚಾರಿಸಿ, ಬಂದ ಮೇಲೆ ಕೊಂಡೊಯ್ದರೆ ಕಾಯುವುದು ಕಡಿಮೆಯಾಗುತ್ತದೆ. ಒಪ್ಪಿಸುವ ರಸೀದಿಯಲ್ಲಿ ಯಾವ ಕೀ, ಯಾವ ಲಕ್ಷಣ ಎಂದು ಬರೆಸಿ. "ಕೀಬೋರ್ಡ್ ಸಮಸ್ಯೆ" ಎಂದಷ್ಟೇ ಬೇಡ. ಹೊರಮೈಯಲ್ಲಿ ಗೀರಿಲ್ಲ ಎಂಬ ಮಾತೂ ಅದರಲ್ಲಿರಲಿ.

ಕಾಯುವ ದಿನಗಳಿಗೆ

ವಿಂಡೋಸ್, ಕಂಟ್ರೋಲ್, ಓ ಒಟ್ಟಿಗೆ ಒತ್ತಿದರೆ ಪರದೆಯ ಮೇಲಿನ ಕೀಬೋರ್ಡ್ ಬರುತ್ತದೆ. ಮೈಕ್ರೋಸಾಫ್ಟ್‌ನ ಉಚಿತ ತಂತ್ರಾಂಶ ಪವರ್‌ಟಾಯ್ಸ್‌ನ ಕೀಬೋರ್ಡ್ ಮ್ಯಾನೇಜರ್‌ನಲ್ಲಿ ಸತ್ತ ಕೀಯ ಕೆಲಸವನ್ನು ಬಳಸದ ಕೀಗೆ ಒಪ್ಪಿಸಬಹುದು, ಆದರೆ ಲಾಗಿನ್ ಪರದೆಯಲ್ಲಿ ಅದು ನಡೆಯುವುದಿಲ್ಲ. ಸತ್ತ ಕೀ ಪಾಸ್‌ವರ್ಡ್‌ನಲ್ಲಿದ್ದರೆ ಮೊದಲು ಪಾಸ್‌ವರ್ಡ್ ಬದಲಿಸಿ. ಜೋಡಿ ಅಕ್ಷರ ತಡೆಯಲು ಬೌನ್ಸ್ ಕೀಸ್ ಇದೆಯಾದರೂ ಅದರ ಅರ್ಧ ಸೆಕೆಂಡಿನ ತಡೆ ನಿಜವಾದ ಜೋಡಿ ಅಕ್ಷರಗಳನ್ನೂ ನುಂಗುತ್ತದೆ, ವೇಗವಾಗಿ ಬರೆಯುವವರಿಗೆ ಸಹಿಸಲಾಗದು.

ಯಂತ್ರ ಒಪ್ಪಿಸುವ ಮುನ್ನ ಕಡತಗಳ ಪ್ರತಿ ತೆಗೆದಿಡಿ. ಡಿಸ್ಕನ್ನು ಗೂಢಲಿಪಿಯಲ್ಲಿ ಬೀಗ ಹಾಕಿಡುವ ವಿಂಡೋಸ್‌ನ ಬಿಟ್‌ಲಾಕರ್ ಚಾಲೂ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಬೇರೆಡೆ ಬರೆದುಕೊಳ್ಳಿ. ಮದರ್‌ಬೋರ್ಡ್ ಬದಲಾದರೆ ಅದಿಲ್ಲದೆ ಡಿಸ್ಕ್ ತೆರೆಯುವುದಿಲ್ಲ. ಯಂತ್ರವನ್ನೇ ಬದಲಿಸುವುದಾದರೆ ಖಾತೆಗಳಿಂದ ಹೊರಬಂದು ಪೂರ್ತಿ ರೀಸೆಟ್ ಮಾಡಿಯೇ ಕೊಡಿ.

ರಿಪೇರಿಯಾಗಿ ಬಂದದ್ದನ್ನು ಅಲ್ಲೇ ತೆರೆದು ನೋಡಿ. ಮೊದಲು ಎಂಟರ್ ಕೀಯ ಆಕಾರ: ಮೊದಲಿದ್ದದ್ದು ಅಡ್ಡ ಉದ್ದದ್ದಾಗಿದ್ದು ಈಗ ನೀಟವಾದದ್ದು ಬಂದಿದ್ದರೆ, ಎಡ ಶಿಫ್ಟ್ ಗಿಡ್ಡವಾಗಿ ಪಕ್ಕದಲ್ಲಿ ಹೆಚ್ಚುವರಿ ಕೀ ಕಂಡರೆ ಬೇರೆ ದೇಶದ ವಿನ್ಯಾಸದ ಭಾಗ ಹಾಕಿದ್ದಾರೆ, ವಾಪಸು ಕೊಡಿ. ಆಮೇಲೆ ಸರದಿ ಪರೀಕ್ಷೆ, ಹಿಂಬೆಳಕು, ಟಚ್‌ಪ್ಯಾಡ್‌ನ ನಾಲ್ಕು ಮೂಲೆ, ಎರಡೂ ಸ್ಪೀಕರ್, ಮೈಕ್, ವೈಫೈ, ಪ್ರತಿ ಯುಎಸ್‌ಬಿ ಕಿಂಡಿ. ಬೆರಳಚ್ಚು ಓದುವ ಭಾಗ ಪಾಮ್‌ರೆಸ್ಟ್ ಜೊತೆಗೇ ಬದಲಾಗಿದ್ದರೆ ಬೆರಳನ್ನು ಮತ್ತೆ ನೋಂದಾಯಿಸಬೇಕಾಗುತ್ತದೆ. ಅಂಚಿನಲ್ಲಿ ಉಗುರು ಹೋಗುವಷ್ಟು ಸಂದಿ ಇರಬಾರದು, ಅಲುಗಿಸಿದರೆ ಒಳಗೆ ಸ್ಕ್ರೂ ಸದ್ದು ಕೇಳಬಾರದು. ಬದಲಿಸಿದ ಬಿಡಿಭಾಗದ ಸಂಖ್ಯೆ ಇರುವ ಜಾಬ್ ಶೀಟ್ ಪಡೆದೇ ಸಹಿ ಹಾಕಿ. ಅದೇ ಕೀ ಮತ್ತೆ ಕೆಟ್ಟರೆ ಹೊಸ ದೂರಿಗೆ ಆ ಹಾಳೆಯ ಪ್ರತಿಯನ್ನು ಲಗತ್ತಿಸಿ ಯಂತ್ರ ಬದಲಿಯನ್ನೇ ಕೇಳಬೇಕು.